ಚಿಕ್ಕಪ್ಪನ ಕೆನ್ನೆ ರಿಪೇರಿ

ನಮ್ಮ ಚಿಕ್ಕಪ್ಪ ಒಂದೇ ಕಡೆ ಐದು ನಿಮಿಷ ಕೂತಿದ್ದನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ತಿಳಿಸಿ, ನಾನಂತೂ ಕಂಡಿಲ್ಲ! ಗುಬ್ಬಿಯಲ್ಲಿ ಹೈಸ್ಕೂಲು ಮೇಷ್ಟ್ರು, ಮನೆ ತುಮಕೂರಿನ ಸದಾಶಿವನಗರದಲ್ಲಿ. ಊಟವನ್ನೂ ಓಡಾಡಿಕೊಂಡೇ ಮಾಡುವ ಮನುಷ್ಯ. ಹರೆಯದಲ್ಲಿ ಎದ್ದ ಮೊಡವೆಗಳನ್ನು ಅವುಗಳ ಪಾಡಿಗೆ ಬಿಡಬಾರದಿತ್ತೇ? ಕೈ ಸುಮ್ಮನಿರಬೇಕಲ್ಲ! ಚಿವುಟಿ ಚಿವುಟಿ ಎರಡೂ ಕೆನ್ನೆ ಕುಳಿ ಬಿದ್ದವು. ಅದೇ ಕೆನ್ನೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ತಲೆ ನರೆಯಿತು. ಕನ್ನಡಿ ಮುಂದೆ ನಿಂತು ಕೊರಗಿದವರೇ ಅಲ್ಲ.

ಅಂಥವರು ಕಳೆದ ಮಳೆಗಾಲದಲ್ಲಿ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬೆಳಗಾಗುತ್ತಲೇ ಬಂದು, "ಏನ್ಲಾ, ಮೊಡವೆ ಕಲೆಗೆ ಏನೇನ್ ಟ್ರೀಟ್‌ಮೆಂಟ್ ಐತೆ? ಬೇಗ ನೋಡ್ ಹೇಳು" ಎಂದರು.

"ಐವತ್ತು ದಾಟಿದ ಮೇಲೆ ಯಾಕ್ ಚಿಕ್ಕಪ್ಪ? ಇನ್ನೊಂದ್ ಮದುವೇನಾ?"

"ಥೂ! ಗಾಡಿ ತಗಿ!"

ಕುಣಿಗಲ್‌ನಲ್ಲಿ ಯಾರೋ ಹಸಿರು ಲೇಪ ಕೊಡುತ್ತಾರಂತೆ ಎಂದು ಮೊದಲು ಅಲ್ಲಿಗೆ ಓಡಿದೆವು. ಮನೆಗೆ ತಂದು ಹಚ್ಚಿಕೊಂಡು ಅರ್ಧ ಗಂಟೆ ಅಲ್ಲಾಡದೆ ಕೂರಬೇಕಂತೆ. ಇವರೇ? ಹಸಿರು ಮುಖದಲ್ಲೇ ಹಾಲು ತರಲು ಹೊರಟರು. ಬೀದಿನಾಯಿಗಳು ಡೈರಿಯವರೆಗೂ ಅಟ್ಟಿಸಿಕೊಂಡು ಹೋದವು. ಕಲೆ ಹೋಗಲಿಲ್ಲ, ಉರಿ ಮಾತ್ರ ಬಂತು.

ಆಮೇಲೆ ಗುಬ್ಬಿಯ ಬ್ಯೂಟಿ ಪಾರ್ಲರಿಗೆ ನುಗ್ಗಿದರು. ಅಲ್ಲಿದ್ದ ಹುಡುಗಿ ಇವರ ಹಳೆಯ ಶಿಷ್ಯೆ!

"ಸಾರ್, ಇದು ಲೇಡೀಸ್ ಪಾರ್ಲರ್!"

"ಇರ್ಲಿ ಇರ್ಲಿ. ಫೇಶಿಯಲ್ ಮಾಡಿದ್ರೆ ಈ ಕುಳಿ ಹೋಗುತ್ತಾ ಹೇಳು."

"ಇಲ್ಲ ಸಾರ್, ಹೊಳಪು ಬರುತ್ತೆ."

"ಹೊಳೆದ್ರೆ ಕುಳಿ ಇನ್ನೂ ಚೆನ್ನಾಗ್ ಕಾಣ್ತವೆ, ಬುಡು!"

ಕೊನೆಗೆ ತುಮಕೂರಿನಲ್ಲೇ ಒಬ್ಬ ಚರ್ಮದ ಡಾಕ್ಟರಮ್ಮನ ಬಳಿ ಹೋದೆವು. ಅವರು ನಿಧಾನವಾಗಿ ವಿವರಿಸಿದರು. ಚರ್ಮದ ಮೇಲ್ಪದರ ಸುಲಿಯುವ ಪೀಲಿಂಗ್ ಇದೆ, ಲೇಸರ್ ಇದೆ, ಸಣ್ಣ ಸೂಜಿಗಳಿಂದ ಚುಚ್ಚುವುದಿದೆ. ನಿಮಗೆ ಸೂಜಿ ಸಾಕು. ತಿಂಗಳಿಗೊಮ್ಮೆಯಂತೆ ಕೆಲವು ಸಲ ಬರಬೇಕು. ಕುಳಿ ಕಮ್ಮಿಯಾಗುತ್ತವೆ, ಪೂರ್ತಿ ಹೋಗುವುದಿಲ್ಲ.

"ಎಲ್ಲಾ ಇವತ್ತೇ ಮಾಡ್ಬಿಡಿ ಮೇಡಂ!"

"ಮುಖ ಸರ್ ಇದು, ಗೋಡೆ ಅಲ್ಲ!"

ಜೋಮು ಹಿಡಿಸುವ ಕ್ರೀಮು ಹಚ್ಚಿ ಚುಚ್ಚಿದರು. ಮರುದಿನ ಕೆಂಡದಂಥ ಮುಖ ಹೊತ್ತು ಸ್ಕೂಲಿಗೆ ಹೋದರೆ, ಮೇಷ್ಟ್ರಿಗೆ ಜೇನು ಕಚ್ಚಿದೆ ಎಂದು ಮಕ್ಕಳು ರಜೆಯ ಆಸೆಯಲ್ಲಿ ಕುಣಿದರಂತೆ. ಇವರು ಎರಡು ಪೀರಿಯಡ್ಡು ಹೆಚ್ಚಿಗೆ ಪಾಠ ಮಾಡಿ ಬಂದರು!

ಮುಂದಿನ ತಿಂಗಳು ಹೊರಟಾಗ ಅವರ ಒಬ್ಬಳೇ ಮಗಳೂ ಜೊತೆಗಿದ್ದಳು, ಮಾಸ್ಕ್ ಹಾಕಿಕೊಂಡು. ಪಿಯುಸಿ ಹುಡುಗಿ. ಮುಖದ ತುಂಬ ಮೊಡವೆ ಎದ್ದು, ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ, ಊಟವನ್ನೂ ರೂಮಿನ ಬಾಗಿಲು ಹಾಕಿಕೊಂಡೇ ಮಾಡುತ್ತಾಳೆ ಎಂದು ನನಗೆ ಗೊತ್ತಾದದ್ದೇ ಆಗ. ಡಾಕ್ಟರಮ್ಮನ ಮುಂದೆ ಅವಳು ತಲೆಯೆತ್ತಲಿಲ್ಲ.

ಚಿಕ್ಕಪ್ಪ ತಮ್ಮ ಕೆನ್ನೆಯನ್ನು ಅವಳತ್ತ ಚಾಚಿದರು.

"ನೋಡವ್ವ, ಎಲ್ಲಾ ನಾನೇ ಮೊದ್ಲು ಮಾಡಿಸ್ಕಂಡ್ ನೋಡಿದೀನಿ. ಸೂಜಿ ಅಂದ್ರೆ ಇರುವೆ ಕಚ್ದಂಗೆ ಅಷ್ಟೇಯ. ಹೆದರ್ಕೋಬ್ಯಾಡ."

"ಇವಳಿಗೆ ಸೂಜಿ ಬೇಡ ಸರ್" ಎಂದರು ಡಾಕ್ಟರಮ್ಮ. "ಈಗಲೇ ಮೊಡವೆಗೆ ಔಷಧಿ ಶುರು ಮಾಡಿದ್ರೆ ಕುಳಿ ಬೀಳದ ಹಾಗೆ ನೋಡ್ಕೋಬಹುದು."

ಅವಳು ಮೆಲ್ಲಗೆ ಅಪ್ಪನ ಕೆನ್ನೆ ಮುಟ್ಟಿದಳು.

"ನೋವಾಯ್ತೇನಪ್ಪ?"

"ಇಲ್ಲ ಕಣವ್ವ" ಎಂದರು.

ಅವಳು ಮಾಸ್ಕ್ ತೆಗೆದಳು. ಚಿಕ್ಕಪ್ಪ ಮಗಳ ಮುಖ ನೋಡಿ ಎಷ್ಟೋ ತಿಂಗಳಾಗಿತ್ತು.