ವಿಜಾಪುರದಲ್ಲಿ ಎದ್ದ ತೆರೆಗಳು

ಸಮುದ್ರದ ತೆರೆ ಬಂದರಿನ ತಡೆಗೋಡೆಗೆ ಬಡಿದಾಗ ಯಾವ ಕಲ್ಲು ಜಾರುತ್ತದೆ, ಯಾವುದು ನಿಲ್ಲುತ್ತದೆ ಎಂಬುದು ನನ್ನ ಪಿಎಚ್.ಡಿ. ಸಂಶೋಧನೆ. ನನ್ನ ಊರು ವಿಜಾಪುರ. ಇವೆರಡೂ ಒಂದೆಡೆ ಸೇರಿದ ಮೇಲೆ ಜನ ನಗಲು ಬೇರೆ ಕಾರಣ ಬೇಕಿರಲಿಲ್ಲ. ಎಪ್ಪತ್ತರ ದಶಕದಲ್ಲಿ ವಾರಕ್ಕೊಂದು ಪ್ರಸಂಗವಾದರೂ ನಡೆಯುತ್ತಿತ್ತು.

ನಾನಾಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ತೆರೆ ಎಬ್ಬಿಸಲು ಕಾಲೇಜಿನ ಹಿತ್ತಲಲ್ಲಿ ಉದ್ದನೆಯ ಸಿಮೆಂಟ್ ತೊಟ್ಟಿ ಬೇಕೆಂದೆ.

"ಸಮುದ್ರದ ದಂಡೀಗಿದ್ದವರು ಮಾಡ್ಲಿ ಬಿಡ್ರಿ ಅಕ್ಕಾರ," ಎಂದರು ಪ್ರಿನ್ಸಿಪಾಲರು.

"ನಕ್ಷತ್ರದ ಪಾಠ ಹೇಳೂ ಮಾಸ್ತರು ಯಾವ ನಕ್ಷತ್ರದಾಗ ಮನಿ ಮಾಡ್ಯಾರ್ರಿ ಸರ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆತು, ಕಟ್ರಿ. ಪರೀಕ್ಷಕರು ಬಂದು ಒಪ್ಪಲಿಲ್ಲಂದ್ರ ಒಡದು ಸೈಕಲ್ ಸ್ಟ್ಯಾಂಡ್ ಮಾಡಸ್ತೇನಿ."

"ಮಾಡಸ್ರಿ," ಎಂದೆ. ಮಾಡಿಸಲು ಬಿಡುವವಳು ನಾನಲ್ಲ.

ತಿಕೋಟಾದ ಚಾಚಾ

ನೀರನ್ನು ಹಿಂದೆ ಮುಂದೆ ತಳ್ಳುವ ತಗಡಿನ ಹಲಗೆ ಬೇಕಿತ್ತು. ತಿಕೋಟಾದಲ್ಲಿ ಡಬ್ಬಿ, ಕೊಳವೆ ಮಾಡುವ ಚಾಚಾ ಒಬ್ಬರೇ ಒಪ್ಪಿಕೊಂಡರು. ಬೆಸುಗೆ ಹಾಕುತ್ತ ಕೇಳಿದರು, "ಇದು ತಳ್ಳಿದ್ರ ನೀರು ಆ ತುದೀಗೆ ಹೋಗತೈತೇನ್ರಿ?"

"ಇಲ್ಲ ಚಾಚಾ. ತೆರೆ ಅಷ್ಟ ಹೋಗತೈತಿ. ನೀರು ಹೆಚ್ಚೂಕಡಿಮಿ ಇದ್ದಲ್ಲೇ ಇರತೈತಿ."

ಚಾಚಾ ಕೆಲಸ ನಿಲ್ಲಿಸಿದರು. "ಅಂದ್ರ ನಮ್ಮ ಓಣಿ ನಳ ಇದ್ದಂಗ. ಸಪ್ಪಳ ಬರತೈತಿ, ನೀರು ಬರೂದಿಲ್ಲ!"

ತೆರೆಯ ಸಿದ್ಧಾಂತವನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡ ವಿದ್ಯಾರ್ಥಿ ನನಗೆ ಮತ್ತೆ ಸಿಗಲಿಲ್ಲ.

ಬಬಲೇಶ್ವರದ ಹರಳು

ತೊಟ್ಟಿಯ ತುದಿಯಲ್ಲಿ ಮಾದರಿಗೆಂದು ಕಲ್ಲು ಜೋಡಿಸಿ ಕಟ್ಟುವ ಪುಟ್ಟ ತಡೆಗೋಡೆಯ ಒಳಗೆ ತುಂಬಲು ಕಡಲೆಕಾಳಿನಷ್ಟು ಸಣ್ಣ ಹರಳು ಬೇಕಾಗಿ, ಬಬಲೇಶ್ವರದ ಹಳ್ಳದಲ್ಲಿ ಒಂದು ಚೀಲ ಆರಿಸಿದೆ. ಅಲ್ಲೇ ಕಿರಾಣಿ ಅಂಗಡಿಯಲ್ಲಿ ತೂಗಿಸಲು ಹೋದಾಗ ಅಂಗಡಿಯವ ಗಾಬರಿಯಾಗಿ, "ಕಲ್ಲು ಯಾಕ್ರಿ ಬಾಯಾರ?" ಎಂದ.

ಬೇಳೆ ಕೊಳ್ಳುತ್ತಿದ್ದ ಮುದುಕಿ ನನ್ನ ಕೈ ಹಿಡಿದಳು. "ಯವ್ವಾ, ಬಿಸಲಾಗ ಹಳ್ಳಕ್ಕ ಯಾಕ ಹೋಗಿದ್ದಿ? ಇವನ ತೊಗರಿಬ್ಯಾಳಿ ಎರಡು ಕಿಲೋ ತಗೊಂಡಿದ್ರ ಸಾಕಾಗತಿತ್ತು."

ಒಂದು ಬೊಗಸೆ ನೀರು

ಬೇಸಿಗೆಯಲ್ಲಿ ಓಣಿಯ ಹೆಂಗಸರು ಕೊಡ ಹಿಡಿದು ತೊಟ್ಟಿಯ ಸುತ್ತ ನಿಂತರು. "ಇಷ್ಟು ನೀರು ಇಟ್ಕೊಂಡು ಬರೇ ಅಳ್ಳಾಡ್ಸಾಕತ್ತೀರಲ್ಲ, ನಿಮಗ ಮನಸ್ಸರೆ ಹೆಂಗ ಬರತೈತ್ರಿ?"

"ಸವಳು ಬಾವಿ ನೀರ್ರಿ, ಕುಡಿಯಾಕ ಬರೂದಿಲ್ಲ."

ಹಿರಿಯಳಿಗೆ ನಂಬಿಕೆಯಾಗಲಿಲ್ಲ. ಒಂದು ಬೊಗಸೆ ಬಾಯಿಗೆ ಹಾಕಿ, ಮುಖ ಕಿವುಚಿ ಉಗುಳಿದಳು. "ನಡೀರಿ ಬೇ. ಈಕಿ ಖರೇನ ಸಮುದ್ರ ತಂದಾಳ!"

ಪರೀಕ್ಷಕರು

ಕೊನೆಗೂ ಕರಾವಳಿಯಿಂದ ಪರೀಕ್ಷಕರು ಬಂದರು. ಬಿಳಿ ಪ್ಯಾಂಟು, ಹೊಳೆಯುವ ಬೂಟು. ತೊಟ್ಟಿ ನೋಡಿ ನಕ್ಕರು. "ನಿಮ್ಮ ತೆರೆ ಗೇಣುದ್ದವೂ ಇಲ್ಲವಲ್ಲಮ್ಮಾ! ಇದು ಏನು ಮಾಡೀತು?"

"ತೊಟ್ಟಿ ಆ ತುದೀಗೆ, ತಡೆಗ್ವಾಡಿ ಹಿಂದ ನಿಂತು ನೋಡ್ರಿ ಸರ," ಎಂದೆ.

ನಿಂತರು. ಹಲಗೆಯ ಹಿಡಿಕೆ ತಿರುವುವ ನಮ್ಮ ಜವಾನನಿಗೆ ಬಿರುಗಾಳಿಯ ತೆರೆ ಎಬ್ಬಿಸಲು ಹೇಳಿದೆ. ಮೂರನೆಯ ತೆರೆ ತಡೆಗೋಡೆ ಹಾರಿ ಪರೀಕ್ಷಕರನ್ನು ಮೊಣಕಾಲವರೆಗೆ ತೋಯಿಸಿತು.

"ನಿಲ್ಲಿಸಿ, ನಿಲ್ಲಿಸಿ!"

"ನೂರು ತೆರೆ ಆಗಬೇಕ್ರಿ ಸರ. ನಡುವ ನಿಲ್ಲಿಸಿದ್ರ ಪ್ರಯೋಗ ಕೆಡತೈತಿ, ನೀವ ಫೇಲ್ ಮಾಡ್ತೀರಿ."

ಜವಾನ ನನ್ನ ಮುಖ ನೋಡಿದ. "ತಿರುವೋ," ಎಂದೆ.

ಪರೀಕ್ಷಕರೂ ಹಟದ ಮನುಷ್ಯ. ಕದಲದೆ ನಿಂತು ಜಾರುವ ಕಲ್ಲು ಎಣಿಸತೊಡಗಿದರು. ಪ್ರಿನ್ಸಿಪಾಲರು ಓಡಿ ಹೋಗಿ ಛತ್ರಿ ತಂದರು. ನೆತ್ತಿ ಸುಡುವ ಬಿಸಿಲಲ್ಲಿ ಅದನ್ನು ಅಡ್ಡ ಬಿಚ್ಚಿ, ಬಗ್ಗಿ ಕುಳಿತು ಪರೀಕ್ಷಕರ ಮೊಣಕಾಲಿಗೆ ಹಿಡಿದರು.

ನೂರು ತೆರೆ ಮುಗಿದವು. ಜಾರಿದ್ದು ಎರಡೇ ಕಲ್ಲು, ಅದೂ ನಾನು ಲೆಕ್ಕ ಹಾಕಿ ಬರೆದಿಟ್ಟ ಜಾಗದಲ್ಲೇ. ಪರೀಕ್ಷಕರು ಬೂಟು ಬಿಚ್ಚಿ ನೀರು ಸುರಿದು, ಬರಿಗಾಲಲ್ಲೇ ಒಪ್ಪಿಗೆಯ ಸಹಿ ಹಾಕಿದರು.

"ಮನೆಯಲ್ಲಿ ಏನು ಹೇಳಲಮ್ಮಾ? ವಿಜಾಪುರದಲ್ಲಿ ಸಮುದ್ರದ ತೆರೆಗೆ ಸಿಕ್ಕಿಕೊಂಡೆ ಅಂದರೆ ನನ್ನ ಹೆಂಡತಿ ನಂಬುವುದಿಲ್ಲ!"

ಒದ್ದೆ ಛತ್ರಿ ಮಡಿಸುತ್ತಿದ್ದ ಪ್ರಿನ್ಸಿಪಾಲರ ಕಡೆ ನೋಡುತ್ತ ನಾನೆಂದೆ, "ಮುಂದಿನ ಸಲ ಅವರನ್ನೂ ಕರಕೊಂಡ ಬರ್ರಿ ಸರ. ತೊಟ್ಟಿ ಇಲ್ಲೇ ಇರತೈತಿ. ಛತ್ರಿ ಹಿಡಿಯಾಕ ನಮ್ಮ ಪ್ರಿನ್ಸಿಪಾಲರೂ ಇರ್ತಾರ."