ಮಾಮಾನ ಚಿಂಚೋಳಿ ಸವಾರಿ

ಇದನ್ನು ಬರೆಯಬೇಕೆಂದು ಎಷ್ಟು ಸಲ ಪೆನ್ನಿಗೆ ಶಾಯಿ ತುಂಬಿಸಿಕೊಂಡು ಕುಳಿತೆನೋ, ಎಷ್ಟು ಸಲ ಹಲ್ಲುನೋವಿನ ನೆಪ ಹೇಳಿ ಎದ್ದೆನೋ ನನಗೇ ಗೊತ್ತು. ಈಗ ಹಲ್ಲುಗಳೂ ಹೋದವು, ನೆಪವೂ ಹೋಯಿತು. ಹೇಳಿಬಿಡುತ್ತೇನೆ.

ಪ್ರಯಾಣ ಮಾಡುವ ವಿಷಯದಲ್ಲಿ ನಮ್ಮ ಸೋದರಮಾವನನ್ನು ಮೀರಿಸುವ ಮನುಷ್ಯ ಚಿತ್ತಾಪುರ, ಸೇಡಂ ಎರಡೂ ತಾಲ್ಲೂಕು ಹುಡುಕಿದರೂ ಸಿಗುತ್ತಿರಲಿಲ್ಲ. ಕೊರತೆ ಒಂದೇ. ಆತ ಎಲ್ಲಿಗೂ ಹೋಗುತ್ತಿರಲಿಲ್ಲ!

ಮಾಮಾ ವಾಡಿ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಸಿಗ್ನಲ್ಲಿನ ಹಿಡಿಕೆ ಎಳೆಯುವ ಕೆಲಸದಲ್ಲಿದ್ದ. ಅಂಗಡಿಗಳ ಬೋರ್ಡಿನ ಮೇಲೆ ಇನ್ನೂ ‘ಮೈಸೂರು ರಾಜ್ಯ’ ಎಂದೇ ಇದ್ದ ಕಾಲ. ದೇಶದ ಅರ್ಧ ಜನ ಆತನ ಕಣ್ಣೆದುರಿಗೇ ಮುಂಬಯಿಗೂ ಮದ್ರಾಸಿಗೂ ಹೋಗಿಬಂದರು. ಆತ ಅವರನ್ನೆಲ್ಲ ಕಳಿಸಿಕೊಟ್ಟು, ಕೈ ತೊಳೆದುಕೊಂಡು, ಮನೆಗೆ ಬಂದು ರೊಟ್ಟಿ ತಿನ್ನುತ್ತಿದ್ದ.

ಆ ಕೆಲಸ ಆತನ ರಕ್ತಕ್ಕಿಳಿದುಬಿಟ್ಟಿತ್ತು. ಮುಂದಿನ ಸ್ಟೇಷನ್ನಿನವರು ‘ಹಾದಿ ಖಾಲಿ ಇದೆ, ಗಾಡಿ ಬಿಡಿ’ ಎಂದು ಹೇಳುವ ತನಕ ಇಲ್ಲಿಂದ ಗಾಡಿ ಬಿಡುವಂತಿಲ್ಲ. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಒಂದು ಗಾಡಿಗೆ ಲೈನು ಕೊಟ್ಟಮೇಲೆ ಅದು ಹೋಗಿ ಮುಟ್ಟಬೇಕು, ಇಲ್ಲವೆ ರದ್ದಾಯಿತೆಂದು ಸುದ್ದಿ ಬರಬೇಕು. ಅಲ್ಲಿಯವರೆಗೆ ಆ ಹಳಿಯ ಮೇಲೆ ಬೇರೆ ಗಾಡಿ ಇಲ್ಲ. ರೈಲಿಗೆ ಇದು ಸರಿಯೇ. ಮಾಮಾ ಬಚ್ಚಲಿಗೆ ಹೋಗುವಾಗಲೂ ಇದೇ ಕಾನೂನು!

“ಲೈನ್ ಕ್ಲಿಯರ್?” ಎಂದು ಪಡಸಾಲೆಯಿಂದ ಕೂಗುತ್ತಿದ್ದ. ಅಡುಗೆಮನೆಯಿಂದ ಅತ್ತೆ, “ಕ್ಲಿಯರ್ ಅದ, ಹೋಗ್ರಿ” ಅನ್ನಬೇಕು. ಒಮ್ಮೆ ಅತ್ತೆ ಪಕ್ಕದ ಮನೆಗೆ ಹಿಟ್ಟು ಕೇಳಲು ಹೋಗಿದ್ದಳು. ತಿರುಗಿ ಬಂದು ನೋಡಿದರೆ ಮಾಮಾ ಮೈತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತೇ ಇದ್ದಾನೆ.

“ಬಚ್ಚಲಾಗ ಯಾರರ ಇದ್ದರೇನ್ರಿ?” ಎಂದಳು ಅತ್ತೆ.

“ಯಾರೂ ಇಲ್ಲ. ಆದ್ರ ನೀ ಹೇಳಿಲ್ಲಲ್ಲ.”

ಇಂಥ ಮನುಷ್ಯನಿಗೆ ರೈಲಿನ ಮೇಲೆ ಒಂದು ಸಿಟ್ಟೂ ಇತ್ತು. ಇಲಾಖೆಯ ಪಾಸಿನಲ್ಲಿ ಹೆಂಡತಿಯನ್ನು ಕಾಶಿಗೆ ಕರೆದೊಯ್ಯಬಹುದು, ರಾಮೇಶ್ವರಕ್ಕೆ ಕರೆದೊಯ್ಯಬಹುದು. ಆಕೆಯ ತವರಿಗೆ ಮಾತ್ರ ಕರೆದೊಯ್ಯುವಂತಿಲ್ಲ! ಅತ್ತೆಯ ತವರು ಚಿಂಚೋಳಿಯಿಂದ ಇನ್ನೂ ಮುಂದೆ, ಕಾಡಿನ ಅಂಚಿಗೆ. ರೈಲು ಸೇಡಮ್ಮಿನವರೆಗೆ. ಅಲ್ಲಿಂದ ಬಸ್ಸು ಬಂದರೆ ಬಂತು. ಬಂದರೂ ಚಿಂಚೋಳಿಯಲ್ಲಿ ನಿಂತುಬಿಡುತ್ತಿತ್ತು. ಮುಂದೆ ನಡೆಯಬೇಕು. ಜಾರಿಬಿದ್ದು ಕಾಲು ಮುರಿದುಕೊಂಡು, ಅದು ಸೊಟ್ಟಗೆ ಕೂಡಿಕೊಂಡಿದ್ದ ಅತ್ತೆ ಅಷ್ಟು ದೂರ ನಡೆಯುವುದು ಆಗದ ಮಾತು.

ಅತ್ತೆಯ ತಾಯಿಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. “ಅವ್ವನ ಕಣ್ಣು ಪೂರಾ ಹೋಗೂದ್ರಾಗ ಒಮ್ಮಿ ನನ್ನ ಮಾರಿ ತೋರಿಸಿ ಬರಬೇಕ್ರಿ” ಎಂದು ಅತ್ತೆ ಒಂದು ದಿನ ಅಂದಳು. ಅಷ್ಟೇ ಅಂದದ್ದು. ಮಾಮಾ ಅಂದಿನಿಂದ ಹೊರಡಲು ಶುರುಮಾಡಿದ.

ಹೊರಡುವುದು ಬೇಸಗೆಯ ಕೊನೆಗೆ. ನಡುಬೇಸಗೆಯಲ್ಲಿ ಹೋದರೆ ನಮ್ಮ ಕಡೆಯ ಬಿಸಿಲು ಮನುಷ್ಯನನ್ನು ಹಪ್ಪಳ ಮಾಡುತ್ತದೆ. ಜೂನಿನಲ್ಲಿ ಮಿರಗದ ಮಳೆ ಬಿದ್ದರೆ ಆ ಊರಿನ ಹಳ್ಳ ತುಂಬಿ ದಾರಿ ಮುಚ್ಚುತ್ತದೆ. ನಡುವಿನ ನಾಲ್ಕು ದಿನವೇ ಸರಿಯಾದ ಹೊತ್ತೆಂದು ಮಾಮಾ ರಜೆ ಬರೆದುಕೊಟ್ಟ. ತಯಾರಿ ಮಾತ್ರ ಹೋಳಿಹುಣ್ಣಿಮೆಗೇ ಆರಂಭ! ಟ್ರಂಕು ಹೊರಬಂತು. ಯುಗಾದಿಯ ಹೊತ್ತಿಗೆ ಅತ್ತೆ ಉಡುವ ಸೀರೆಗಳೆಲ್ಲ ಟ್ರಂಕಿನೊಳಗಿದ್ದು, ಹಬ್ಬಕ್ಕೆ ಆಕೆ ಹಳೆಯದನ್ನೇ ಉಡಬೇಕಾಯಿತು. “ಪ್ಯಾಕ್ ಆದ ಸಾಮಾನು ಬಿಚ್ಚಂಗಿಲ್ಲ” ಎಂದ ಮಾಮಾ.

ಆಮೇಲೆ ತಾಲೀಮು. ಹೌದು, ಪ್ರಯಾಣದ ತಾಲೀಮು! ಅಂಗಳದಲ್ಲಿ ಹಗ್ಗ ಹೆಣೆದ ಎರಡು ಹೊರಸು ಮಂಚ ಹಾಕಿದರೆ ಅದೇ ಜೀಪು. ಪಕ್ಕದ ಮನೆಯ ಡ್ರೈವರ್ ಸಾಬರು ಚಿಂಚೋಳಿಯಿಂದ ಕಟ್ಟಿಗೆ ತರುವ ಲಾರಿ ಓಡಿಸುತ್ತಿದ್ದರು. ಅವರನ್ನು ಕರೆದು ಮುಂದೆ ಕೂರಿಸಿ, ಕೈಗೆ ಹಿಟ್ಟಿನ ಜರಡಿ ಕೊಟ್ಟ.

“ಅರೇ ಭಾಯಿ, ಖರೇ ಲಾರಿ ಹೊರಗ ನಿಂತದ. ನಾ ಇಲ್ಲಿ ಕುಂತು ಜರಡಿ ತಿರವಲಿಕತ್ತೀನಿ” ಎಂದು ಸಾಬರು ಗೊಣಗಿದರು.

“ಮಾತಾಡಬ್ಯಾಡ್ರಿ ಸಾಬ್, ರಾವೂರ ಬಂತು. ದನ ಅಡ್ಡ ಬರ್ತಾವ.”

ನೀರಿನ ಹಂಡೆ ಬಂದರೆ ಮಳಖೇಡ, ಕಾಗಿಣಾ ನದಿ. ತುಳಸಿಕಟ್ಟೆ ಬಂದರೆ ಸೇಡಂ. ಅಲ್ಲಿಂದ ಮುಂದೆ ರಸ್ತೆ ಕೆಟ್ಟಿದೆಯೆಂದು ಮಾಮಾ ತಾನೇ ಇಳಿದು ಹೊರಸನ್ನು ಹಿಡಿದು ಅಲುಗಾಡಿಸುತ್ತಿದ್ದ. ಅತ್ತೆ ಮಜ್ಜಿಗೆಯ ತಂಬಿಗೆಯನ್ನು ಚೆಲ್ಲದ ಹಾಗೆ ಹಿಡಿದು ಕೂರಬೇಕು. ಚೆಲ್ಲಿತೋ, ಮತ್ತೆ ರಾವೂರಿನಿಂದ! ಕೊನೆಗೆ, “ಬಂತು ನಿಮ್ಮೂರು, ಇಳಿ” ಎಂದಾಗ ಅತ್ತೆ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು ಮೆಲ್ಲಗೆ ಇಳಿಯುತ್ತಿದ್ದಳು. ನಾವೆಲ್ಲ ಬಿದ್ದುಬಿದ್ದು ನಗುತ್ತಿದ್ದೆವು.

ಇನ್ನು ಖರೇ ಜೀಪು? ಅದನ್ನು ತರುತ್ತೇನೆಂದು ಮಾತು ಕೊಟ್ಟವನು ನಾನು. ಆಗ ಹೈಸ್ಕೂಲು ಮುಗಿಸಿ ಶಹಾಬಾದಿನ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಒಂದು ಗಣಿಯಲ್ಲಿ ಗುಮಾಸ್ತನಾಗಿದ್ದೆ, ಭಾನುವಾರ ಮಾಮಾನ ಮನೆಗೆ ಬರುತ್ತಿದ್ದೆ. ಮಾಲೀಕರ ಮಗ ನನ್ನ ಜೊತೆ ಓದಿದವನು, ಜೀಪು ಅವನದು. “ಒಯ್ಯೋ, ಅದಕ್ಕೇನು” ಎಂದಿದ್ದ. ಆದರೆ ಒಂದು ಭಾನುವಾರ ನನ್ನನ್ನು ಕರೆಯಲು ಅವನೂ ಇಬ್ಬರು ಗೆಳೆಯರೂ ವಾಡಿಗೆ ಬಂದಾಗ ಅಂಗಳದಲ್ಲಿ ತಾಲೀಮು ನಡೆದಿತ್ತು. ಮರುದಿನದಿಂದ ಶಹಾಬಾದಿನಲ್ಲಿ ನನ್ನ ಬಾಳು ಮುಗಿಯಿತು. ಚಹಾ ಕುಡಿಯುವ ಮೊದಲು, “ಶರಣಪ್ಪ, ಲೈನ್ ಕ್ಲಿಯರ್?” ಮೂತ್ರಕ್ಕೆ ಹೋಗುವ ಮೊದಲು, “ಲೈನ್ ಕ್ಲಿಯರ್?” ನಾನೂ ನಕ್ಕೆ. ಕಿವಿ ಮಾತ್ರ ಸುಡುತ್ತಿತ್ತು.

ಹೊರಡುವ ಹಿಂದಿನ ದಿನ ಮಾಲೀಕರ ಮಗ ಅಂದ: “ನಾವೂ ಬರ್ತೀವೋ, ಚಿಂಚೋಳಿ ಕಾಡು ನೋಡಿಲ್ಲ. ಆದ್ರ ಆ ನಿಮ್ಮ ಸರ್ಕಸ್ ಕಂಪನಿ ಬ್ಯಾಡ.”

ನಾನು ಬೇಡವೆನ್ನಬಹುದಿತ್ತು. “ಆಯ್ತು” ಅಂದೆ. ಶಹಾಬಾದಿನಿಂದ ವಾಡಿಗೆ ಎಷ್ಟು ರೈಲು! ಯಾವ ಗಾರ್ಡನ ಕೈಯಲ್ಲಾದರೂ ಒಂದು ಮಾತು ಹೇಳಿ ಕಳಿಸಬಹುದಿತ್ತು. ಏನೆಂದು ಹೇಳುವುದು ಎಂದು ಅದನ್ನೂ ಕಳಿಸಲಿಲ್ಲ.

ವಾಡಿ ಊರೊಳಗೆ ಹೋಗದೆ, ರಾವೂರಿನ ಕಡೆಯಿಂದ ಸುತ್ತುಹಾಕಿ ಜೀಪು ಓಡಿತು. ಗೆಳೆಯರು ಹಾಡು ಹೇಳಿದರು. ಚಿತ್ತಾಪುರ ದಾಟಿತು, ಕಾಗಿಣಾ ದಾಟಿತು, ಸೇಡಂ ದಾಟಿತು. ರಸ್ತೆ ಮಾಮಾ ಹೊರಸು ಅಲುಗಾಡಿಸಿದಂತೆಯೇ ಇತ್ತು. ಚಿಂಚೋಳಿಯ ಮುಂದೆ ಕಾಡಿಗೆ ಇದ್ದದ್ದು ಒಂದೇ ರಸ್ತೆ, ಅದು ಅತ್ತೆಯ ತವರೂರಿನ ಮುಂದೆಯೇ ಹಾದುಹೋಗುತ್ತಿತ್ತು. ಊರಬಾಗಿಲಲ್ಲಿ ಬೇವಿನ ಮರದ ಕೆಳಗೆ, ಕೊಡದ ನೀರಿಗೆ ತಟ್ಟೆ ಮುಚ್ಚಿಟ್ಟುಕೊಂಡು ಒಬ್ಬ ಮುದುಕಿ ಕುಳಿತಿದ್ದಳು. ಜೀಪಿನ ಸದ್ದಿಗೆ ಎದ್ದು ಹಣೆಗೆ ಕೈ ಹಿಡಿದಳು.

“ವಾಡಿ ಜೀಪೇನಪ್ಪ?”

ನಾನೇ ನೀರಿಗೆಂದು ಇಳಿದಿದ್ದೆ. “ಅಲ್ಲವ್ವ, ಶಹಾಬಾದದ್ದು” ಅಂದೆ. ಸುಳ್ಳೇನಲ್ಲ ನೋಡಿ! ಹೈಸ್ಕೂಲು ಓದಿದ್ದು ಅಷ್ಟಾದರೂ ಕೆಲಸಕ್ಕೆ ಬಂತು.

“ಯಾರದರ ಆಗ್ಲಿ, ಬಿಸಿಲಾಗ ಬಂದೀರಿ, ನೀರು ಕುಡೀರಿ. ನನ್ನ ಮಗಳು ಬರಾಕತ್ತಾಳ. ಇನ್ನಾ ಮಸಕ ಮಸಕ ಮಾರಿ ಕಾಣ್ತದ ನನಗ, ಅದಕ್ಕ ಈ ವರ್ಷನೇ ಬಾ ಅಂತ ಹೇಳಿ ಕಳಿಸೀನಿ.”

ಜೀಪಿನಿಂದ ಗೆಳೆಯ ಕೂಗಿದ: “ಏ ಶರಣಪ್ಪ, ಲಗೂ ಬಾರೋ!”

“ಶರಣಪ್ಪ ಅಂತೇನು ನಿನ್ನ ಹೆಸರು?” ಮುದುಕಿಯ ಮುಖ ಅರಳಿತು. “ನನ್ನ ಮಗಳ ನಾದಿನಿ ಮಗಂದೂ ಅದೇ ಹೆಸರು ನೋಡು. ಜೀಪು ತರಾಂವ ಅಂವನೇ. ಭಾಳ ಚಲೋ ಹುಡುಗ ಅಂತ.”

“ನಮ್ಮ ಕಡಿ ಮನಿಗೊಬ್ಬ ಶರಣಪ್ಪ ಇರ್ತಾನವ್ವ” ಎಂದು ತಂಬಿಗೆ ಕೊಟ್ಟು ಜೀಪು ಹತ್ತಿದೆ. ಕಾಡಿನಲ್ಲಿ ಏನು ನೋಡಿದೆನೋ ನೆನಪಿಲ್ಲ.

ವಾಡಿಯಲ್ಲಿ ನಡೆದದ್ದನ್ನು ಆಮೇಲೆ ಡ್ರೈವರ್ ಸಾಬರು ಹೇಳಿದರು. ಬೆಳಗಿನಿಂದ ಇಬ್ಬರೂ ಟ್ರಂಕಿನ ಮೇಲೆ ಕುಳಿತಿದ್ದರಂತೆ. ಅಂದೇ ಸಾಬರ ಖಾಲಿ ಲಾರಿ ಚಿಂಚೋಳಿಗೆ ಹೊರಟಿತ್ತು.

“ಕುಂದ್ರಿ ಭಾಯಿ, ಭಾಬೀನ ಮುಂದ ಕುಂದ್ರಸ್ತೀನಿ, ಸೀದಾ ಅವರ ಮನಿ ಬಾಗಿಲಿಗಿ ಬಿಡ್ತೀನಿ” ಅಂದರಂತೆ.

ಮಾಮಾ ಒಪ್ಪಲಿಲ್ಲ. “ಅಳಿಯನ ಗಾಡಿಗಿ ಲೈನ್ ಕೊಟ್ಟೀನಿ ಸಾಬ್. ರದ್ದಾಗಿದ್ರ ಅಂವ ಸುದ್ದಿ ಕಳಸ್ತಿದ್ದ. ಕಳಿಸಿಲ್ಲ ಅಂದ್ರ ಬರಾಕತ್ತಾನ ಅಂತನೇ ಅರ್ಥ.”

ಅತ್ತೆ ಲಾರಿಯನ್ನು ನೋಡಿದಳಂತೆ, ಗಂಡನನ್ನು ನೋಡಿದಳಂತೆ. ಲಾರಿ ಹೋಯಿತು. ಇವರು ಸಂಜೆಯ ತನಕ ಕುಳಿತರು.

ಮರುದಿನ ಹೋಗಿ ಜೀಪು ಕೆಟ್ಟಿತ್ತು ಎಂದೆ.

“ಏನ್ ಕೆಟ್ಟಿತ್ತು?” ಎಂದ ಮಾಮಾ, ರೈಲ್ವೆಯವನಲ್ಲವೇ.

“ಗಾಲಿ ಎಕ್ಸೆಲ್.”

“ಮುಂದಿಂದೋ, ಹಿಂದಿಂದೋ?”

“ನಡುವಿಂದು.”

ಮಾಮಾ ಗಂಭೀರವಾಗಿ ತಲೆಯಾಡಿಸಿದ. “ನಡುವಿಂದು ಕೆಟ್ರ ಕಷ್ಟ.” ಅತ್ತೆ ದಾರಿಗೆಂದು ಕಟ್ಟಿದ್ದ ಶೇಂಗಾ ಹೋಳಿಗೆಯ ಗಂಟನ್ನು ಬಿಚ್ಚಿ, “ಕೆಡ್ತಾವ, ತಿನ್ನಪ್ಪ” ಎಂದು ನನ್ನ ಮುಂದಿಟ್ಟಳು. ತಿಂದೆ. ಆ ವಾರವೇ ಮಳೆ ಬಿತ್ತು, ಹಳ್ಳ ತುಂಬಿತು, ಮಾಮಾನ ರಜೆ ಮುಗಿಯಿತು.

ಮರುವರ್ಷ ಬೇಸಗೆಯ ಕೊನೆಗೆ ಅವರು ಸಾಬರ ಲಾರಿಯಲ್ಲೇ ಹೋಗಿಬಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಹೋದಾಗ ಅತ್ತೆ ಊಟಕ್ಕೆ ಬಡಿಸುತ್ತ ಹೇಳಿದಳು: “ಅವ್ವ ಮಾರಿ ಮ್ಯಾಲ ಕೈ ಆಡಿಸಿದಳು. ಮೂಗುಬಟ್ಟು ಮುಟ್ಟಿ ನೋಡಿ, ಸೊರಗೀದಿ ಅಂದಳು. ಹ್ವಾದ ವರ್ಷ ಆಗಿದ್ರ ಕಾಣ್ತಿತ್ತಂತ.”

ನಾನು ಇನ್ನೊಂದು ರೊಟ್ಟಿ ಮುರಿದೆ.

“ಹ್ವಾದ ವರ್ಷ ಆ ದಿನ ಶಹಾಬಾದದ ಜೀಪೊಂದು ಬಂದಿತ್ತಂತ. ಅದರಾಗೂ ಒಬ್ಬ ಶರಣಪ್ಪ ಇದ್ದನಂತ.” ಅತ್ತೆ ನನ್ನ ಮುಖ ನೋಡಲಿಲ್ಲ. ತಟ್ಟೆಯನ್ನೇ ನೋಡುತ್ತ ಇನ್ನೊಂದು ಚಮಚ ತುಪ್ಪ ಹಾಕಿದಳು. “ಬಿಸಿಲಾಗ ಹುಡುಗ ಭಾಳ ದಣಿದಿದ್ದ ಅಂದಳು ಅವ್ವ.”

ಮಾಮಾ ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ, ಬೆವರುತ್ತ, ತೊದಲುತ್ತ ಆತನ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾನೆಂದುಕೊಂಡಿದ್ದೆ. ಮಾಮಾ ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ನನಗ್ಯಾಕ ಹೇಳ್ತಿ ಅಳಿಯಾ? ನಾ ಬರೇ ಕರ್ಕೊಂಡು ಹೋಗಾಂವ ಇದ್ದೆ. ಹೋಗಾಕಿ ಒಳಗ ಅದಾಳ. ಹೋಗಿ ಅಕಿಗಿ ಹೇಳು.”

ಒಳಗೆ ಹೋದೆ. ಅತ್ತೆ ಸೊಟ್ಟಗಾಲನ್ನು ಚಾಚಿಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ತಲೆಯೆತ್ತಿ, “ಏನಪ್ಪ?” ಅಂದಳು.

“ಚಾ ಆಗ್ಯದೇನತ್ತಿ?” ಎಂದೆ.

ಆಕೆ ಮೊಣಕಾಲಿಗೆ ಕೈಯೂರಿ ಎದ್ದು ಚಹಾ ಮಾಡಿಕೊಟ್ಟಳು. ಆಮೇಲೂ ಎಷ್ಟೋ ವರ್ಷ ಬದುಕಿದ್ದಳು. ಹೋದಾಗಲೆಲ್ಲ ಹೇಳಬೇಕೆಂದೇ ಹೋಗುತ್ತಿದ್ದೆ, ಚಹಾ ಕುಡಿದು ಬರುತ್ತಿದ್ದೆ. ಮಾಮಾನನ್ನು ಮುಂದಿಟ್ಟುಕೊಂಡು ಇಷ್ಟೆಲ್ಲ ನಗೆಯಾಡಿದ್ದೂ ಆಕೆಯವರೆಗೆ ಬರುವುದನ್ನು ತಡಮಾಡಲಿಕ್ಕೇ ಇರಬೇಕು. ನಮಗೆಲ್ಲ ಆಕೆ ಅತ್ತೆ, ಸಾಬರಿಗೆ ಭಾಬಿ, ಮಾಮಾನಿಗೆ ‘ಒಳಗಿನಾಕಿ’. ತಾಯಿಯೊಬ್ಬಳೇ ಹೆಸರು ಹಿಡಿದು ಕರೆಯುತ್ತಿದ್ದಳು.

ಗುರುಬಾಯಿ.