ಹದಿನಾಲ್ಕು ಧಾಟಿ, ಒಂದೇ ಬಿಕ್ಕಳಿಕೆ

ಧ್ವನಿಮುದ್ರಣ ಸಂಸ್ಥೆಯ ಮಾನ್ಯ ವ್ಯವಸ್ಥಾಪಕರೇ,

ತಾವೂ, ತಮ್ಮ ಆಡಳಿತ ಮಂಡಳಿಯೂ, ಇಷ್ಟೆಲ್ಲ ಕೇಳಿಯೂ ತಮ್ಮೆಲ್ಲರ ಕಿವಿಗಳೂ ಕ್ಷೇಮವಾಗಿವೆಯೆಂದು ನಂಬಿ, ಊರೆಲ್ಲ ಓದಲೆಂದೇ ಈ ಪತ್ರವನ್ನು ಸವಿನಯವಾಗಿ ಬರೆಯುತ್ತಿದ್ದೇನೆ.

ಎಪ್ಪತ್ತು ವರ್ಷಗಳ ಹಿಂದೆ ತಮ್ಮ ಸಂಸ್ಥೆ ಹೊರತಂದ ಆ ವಿರಹಗೀತೆಯನ್ನು ತಾವು ಈವರೆಗೆ ಹದಿನಾಲ್ಕು ಧಾಟಿಗಳಲ್ಲಿ ಮರಳಿ ಹಾಡಿಸಿದ್ದೀರಿ. ರಾಕ್ ತಂಡದವರು ಅದನ್ನು ಬೀದಿಜಗಳದಂತೆ ಹಾಡಿದರು. ಜಾಝ್‌ನವರು ವಿಳಾಸ ಕಳೆದುಕೊಂಡವರಂತೆ ಎಲ್ಲೆಲ್ಲೋ ಅಲೆದು ಅಂತೂ ಮನೆ ಸೇರಿದರು. ಡಿಸ್ಕೋದಲ್ಲಿ ವಿರಹಿಣಿ ಕುಣಿದೇ ಕುಣಿದಳು. ಆದರೆ ಎರಡನೆಯ ಚರಣಕ್ಕೆ ಮುಂಚಿನ ಗುನುಗಿನಲ್ಲಿ ದನಿ ತಟ್ಟನೆ ಮುರಿಯುತ್ತದಲ್ಲ, ಅದನ್ನು ಮಾತ್ರ ಎಲ್ಲರೂ ಭಯಭಕ್ತಿಯಿಂದ ಉಳಿಸಿಕೊಂಡಿದ್ದಾರೆ. ‘ಎದೆಯೊಡೆದ ಕ್ಷಣ’ ಎಂದು ತಮ್ಮ ಆಲ್ಬಮ್ಮಿನ ಹೊದಿಕೆಯೇ ಅದನ್ನು ಕೊಂಡಾಡಿದೆ.

ಮಾನ್ಯರೇ, ಅದು ನನ್ನ ಚಿಕ್ಕಮ್ಮನ ಬಿಕ್ಕಳಿಕೆ.

ಆಗ ಅವರು ತಮ್ಮ ಕಚೇರಿಯ ಬೆರಳಚ್ಚುಗಾರ್ತಿ. ಗುನುಗೊಂದೇ ಬಾಕಿ ಇರುವಾಗ ಗಾಯಕಿಯ ಗಂಟಲು ಕಟ್ಟಿಹೋಯಿತು. ಸಹಿಗೆಂದು ಕಾಗದ ತಂದಿದ್ದ ಇವರನ್ನೇ ಹಿಡಿದು ಮೈಕಿನ ಮುಂದೆ ನಿಲ್ಲಿಸಿದರು. ಗಾಬರಿಯಲ್ಲಿ ಅವರು ಗಟಗಟನೆ ನೀರು ಕುಡಿದರು. ಅದರ ಫಲವನ್ನು ಲೋಕ ಇಂದಿಗೂ ಕಣ್ಣೊರೆಸಿಕೊಳ್ಳುತ್ತಾ ಕೇಳುತ್ತಿದೆ. ತಮ್ಮವರು ಹೆಸರು ಹಾಕಲಿಲ್ಲ. ಚಿಕ್ಕಮ್ಮ ಕೇಳಲೂ ಇಲ್ಲ.

ಎರಡು ತಿಂಗಳ ಹಿಂದೆ ಬ್ಯೂಟಿ ಪಾರ್ಲರಿನಲ್ಲಿ ತಮ್ಮ ಹದಿನಾಲ್ಕನೆಯ ಅವತಾರ ಮೊಳಗುತ್ತಿತ್ತು. ಒದ್ದೆ ತಲೆಯಲ್ಲಿ ಕುಳಿತಿದ್ದ ಚಿಕ್ಕಮ್ಮ ಮೆಲ್ಲಗೆ ಜೊತೆಗೂಡಿದರು. ಕತ್ತರಿ ಹಿಡಿದಿದ್ದ ಹುಡುಗಿ ಅಕ್ಕರೆಯಿಂದಲೇ ತಿದ್ದಿದಳು: “ಅಜ್ಜಿ, ಅಲ್ಲಿ ದನಿ ಒಡೀಬೇಕು. ನೀವು ನೇರ ಹೋಗ್ಬಿಟ್ರಿ.”

“ಹೌದೇನಮ್ಮ. ಇವತ್ತು ನಂಗೆ ಬಿಕ್ಕಳಿಕೆ ಬರ್ಲಿಲ್ಲ,” ಎಂದರು ಚಿಕ್ಕಮ್ಮ.

ಹುಡುಗಿ ನಕ್ಕಳು. ಚಿಕ್ಕಮ್ಮನೂ ನಕ್ಕರು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, ನನ್ನ ಕಡೆ ನೋಡದೆ, “ಒಂದ್ಸಲ ಹೆಸರು ಹಾಕಿದ್ರೆ ಏನಾಗ್ತಿತ್ತು,” ಎಂದರು. ಎಪ್ಪತ್ತು ವರ್ಷದಲ್ಲಿ ಇದೇ ಮೊದಲು.

ಅಂದಿನಿಂದ ತಮಗೆ ಮೂರು ಪತ್ರ ಬರೆದೆ. ಮೂರಕ್ಕೂ ‘ಅಭಿಮಾನಿಗಳ ಪ್ರೀತಿಗೆ ಧನ್ಯವಾದ’ ಎಂಬ ಒಂದೇ ಉತ್ತರ ಬಂತು. ಧಾಟಿ ಬದಲಿಸುವುದರಲ್ಲಿ ನಿಸ್ಸೀಮರಾದ ತಾವು ಉತ್ತರದಲ್ಲಿ ಮಾತ್ರ ತೋರಿದ ಈ ಸಂಯಮ ಮೆಚ್ಚತಕ್ಕದ್ದು. ಹದಿನೈದನೆಯದರ ಮೇಲಾದರೂ ಅವರ ಹೆಸರನ್ನು ಅಚ್ಚುಹಾಕಿಸಿ. ಅದು ದುಸ್ಸಾಧ್ಯವಾದರೆ, ಹದಿನಾಲ್ಕೂ ಮುದ್ರಣಗಳಿಂದ ಬಿಕ್ಕಳಿಕೆಗಳನ್ನು ಹುಷಾರಾಗಿ ಬಿಡಿಸಿ, ಹತ್ತಿಯಲ್ಲಿ ಸುತ್ತಿ, ಅಂಚೆಯ ಮೂಲಕ ವಾರಸುದಾರರಿಗೆ ಮರಳಿಸಿ.

ಉತ್ತರ ಬರುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ಬೆರಳಚ್ಚುಗಾರ್ತಿಯ ಅಕ್ಕನ ಮಗ

ವಿ.ಸೂ.: ತಮ್ಮ ಕಚೇರಿಗೆ ಫೋನ್ ಮಾಡಿದವರಿಗೆ, ಕಾಯುವಷ್ಟು ಹೊತ್ತೂ ಮೂಲ ಮುದ್ರಣದ ಗುನುಗನ್ನೇ ಕೇಳಿಸುತ್ತೀರಿ. ನಿನ್ನೆ ಚಿಕ್ಕಮ್ಮನೇ ಇಪ್ಪತ್ತು ನಿಮಿಷ ಕಾದರು. ಕೊನೆಗೆ ತಮ್ಮ ಸಿಬ್ಬಂದಿಯೊಬ್ಬರು ಯಾರು ಮಾತನಾಡುವುದೆಂದು ವಿಚಾರಿಸಿದಾಗ, “ಇಷ್ಟೊತ್ತು ಕೇಳಿಸ್ತಿದ್ರಲ್ಲ, ಅವಳೇ,” ಎಂದರು. “ದಯವಿಟ್ಟು ಕಾಯಿರಿ,” ಎಂದು ಅವರು ಮತ್ತೆ ಅದನ್ನೇ ಹಚ್ಚಿದರು.